ಒಂದೇ ಊರು, ಹಲವು ಪಟ್ಟಿ

2020ರ ಬೇಸಿಗೆಯಲ್ಲಿ ಬೆಂಗಳೂರು ಬಿಟ್ಟು ಸಿಂಧನೂರಿಗೆ ಬಂದವನು ನಾನೊಬ್ಬನೇ ಅಲ್ಲ. ನಮ್ಮ ಓಣಿಯಲ್ಲಿ ಮನೆಗೊಬ್ಬರಂತೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಬಂದಿದ್ದರು. ಹಗಲು ಕೋಣೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ರಾತ್ರಿ ಉಂಡು ಮಾಳಿಗೆ ಏರಿದರೆ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಒಂದಿಷ್ಟು ಕೆಲಸ ಸಾಗುತ್ತಿತ್ತು. ಅದೇ ಹೊತ್ತಿಗೆ ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಿತು. ಹೊಸದು ಹಾಕಿಸಿದ ಮೇಲೆ ನಮ್ಮ ತಂಡದ ಕೋಡನ್ನೆಲ್ಲ ಮೊದಲಿನಿಂದ ಇಳಿಸಿಕೊಳ್ಳಬೇಕಾಯಿತು. ಇಳಿಸಲು ಹಚ್ಚಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ದಿನದ ಡೇಟಾ ತೀರಿ ಅರ್ಧಕ್ಕೇ ನಿಂತಿತ್ತು. ಅಷ್ಟರಲ್ಲಿ ಇಳಿದಿದ್ದ ಕೋಡಿನಲ್ಲಿ ಬಹುಪಾಲು ನಾನು ಎಂದೂ ತೆರೆದು ನೋಡದ, ಮುಂದೆಯೂ ನೋಡಬೇಕಾಗಿರದ ಭಾಗಗಳು.

ನಾವು ಮಾಡುತ್ತಿದ್ದದ್ದು ವಿದ್ಯುತ್ ಮೀಟರಿನ ಅಂಕಿ ಓದಿ ದೂರದ ಕಂಪ್ಯೂಟರಿಗೆ ಕಳಿಸುವ ಪುಟ್ಟ ಪೆಟ್ಟಿಗೆ. ಪೆಟ್ಟಿಗೆ ಪುಟ್ಟದಾದರೂ ಅದರೊಳಗಿನ ಕೋಡು ಹತ್ತಾರು ಕಡೆಯಿಂದ ಬರುತ್ತಿತ್ತು. ಸರ್ಕಿಟ್ ಬೋರ್ಡಿಗೆ ಸಂಬಂಧಿಸಿದ್ದು ಬೇರೆ, ರೇಡಿಯೊದ್ದು ಬೇರೆ, ಒಂದೊಂದು ಬಗೆಯ ಮೀಟರಿನ ಭಾಷೆ ಬಲ್ಲದ್ದು ಬೇರೆ, ಇದನ್ನೆಲ್ಲ ಪರೀಕ್ಷಿಸುವ ಸಾಮಗ್ರಿ ಬೇರೆ. ಒಂದೊಂದಕ್ಕೂ ಅದರದೇ ರೆಪೊ, ಅಂದರೆ ಕೋಡನ್ನೂ ಅದರ ಇತಿಹಾಸವನ್ನೂ ಇಡುವ ಉಗ್ರಾಣ, ಇತ್ತು. ಅವೆಲ್ಲವನ್ನೂ ಒಂದು ದೊಡ್ಡ ರೆಪೊ ತನ್ನ ಹೊಟ್ಟೆಯಲ್ಲಿಟ್ಟುಕೊಂಡಿತ್ತು.

ಈ ಕೆಲಸದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಬರೆದ ಕೋಡು ದಿನದಿನಕ್ಕೆ ಬದಲಾಗುತ್ತದೆ. ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದನ್ನು ಒಂದೊಂದು ಕಮಿಟ್ ಎಂದು ದಾಖಲಿಸಿಟ್ಟುಕೊಂಡು, ಬೇಕೆಂದಾಗ ಹಿಂದಿನ ಯಾವುದೇ ಸ್ಥಿತಿಗೆ ಮರಳಲು ಅನುವು ಮಾಡಿಕೊಡುವ ತಂತ್ರಾಂಶವೇ ವರ್ಷನ್ ಕಂಟ್ರೋಲ್. ಇವತ್ತು ಹೆಚ್ಚಿನವರು ಬಳಸುವ ಗಿಟ್ ಅನ್ನು ಲಿನಕ್ಸ್ ಕರ್ನಲ್‌ನ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯತೊಡಗಿದರು. ಅದೇ ವರ್ಷದ ಜುಲೈನಿಂದ ಅದನ್ನು ನೋಡಿಕೊಳ್ಳುತ್ತಿರುವವರು ಜೂನಿಯೊ ಹಮಾನೊ. ಒಂದು ರೆಪೊದೊಳಗೆ ಇನ್ನೊಂದನ್ನು ಇಡುವ ಸಬ್‌ಮಾಡ್ಯೂಲ್ ಎಂಬ ವ್ಯವಸ್ಥೆ 2007ರಲ್ಲಿ, 1.5.3 ಆವೃತ್ತಿಯಲ್ಲಿ ಬಂತು. ಇಲ್ಲಿ ಹೊರಗಿನ ರೆಪೊ ಒಳಗಿನದರ ಕೋಡನ್ನು ತಾನು ಇಟ್ಟುಕೊಳ್ಳುವುದಿಲ್ಲ. ‘ಅದು ಇಂಥ ವಿಳಾಸದಲ್ಲಿದೆ, ನನಗೆ ಬೇಕಾದದ್ದು ಅದರ ಇಂಥ ಕಮಿಟ್’ ಎಂದು ನಲವತ್ತು ಅಕ್ಷರದ ಒಂದು ಗುರುತನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ವಿಳಾಸಗಳೆಲ್ಲ ಡಾಟ್ ಗಿಟ್‌ಮಾಡ್ಯೂಲ್ಸ್ ಎಂಬ ಕಡತದಲ್ಲಿರುತ್ತವೆ. ಸಬ್‌ಮಾಡ್ಯೂಲ್ ನಾಲ್ಕೈದು ಇದ್ದಾಗ ಇದು ಸಲೀಸು. ಹತ್ತಾರು ಆದಾಗ ‘ಎಲ್ಲವನ್ನೂ ಇಳಿಸು’ ಎನ್ನಬೇಕು, ಇಲ್ಲವೇ ಒಂದೊಂದರ ಹೆಸರು ಹೇಳುತ್ತ ಕೂರಬೇಕು. ‘ರೇಡಿಯೊ ಕೆಲಸಕ್ಕೆ ಬೇಕಾದಷ್ಟನ್ನು ಕೊಡು’ ಎಂದು ಹೇಳಲು ನಮಗೆ ಬಾಯಿರಲಿಲ್ಲ.

ನನಗಿಂತ ಮೊದಲಿನವರು ಇದಕ್ಕೆ ಕಂಡುಕೊಂಡಿದ್ದ ದಾರಿ ಫೋಲ್ಡರು. ಬೋರ್ಡಿನದೊಂದು, ರೇಡಿಯೊದೊಂದು, ಮೀಟರಿನದೊಂದು, ಪರೀಕ್ಷೆಯದೊಂದು. ಯಾರಿಗೂ ಮೊದಲು ಹೊಳೆಯುವ ಉಪಾಯ ಇದೇ, ಕೆಲವು ಕಾಲ ಚೆನ್ನಾಗಿ ನಡೆಯುವುದೂ ಹೌದು. ತೊಡಕು ಬಂದದ್ದು ಗೂಢಲಿಪಿಯ ಲೈಬ್ರರಿಯಿಂದ. ಅದು ರೇಡಿಯೊದವರಿಗೂ ಬೇಕು, ಮೀಟರಿನವರಿಗೂ ಬೇಕು. ಎಲ್ಲಿಡುವುದು? ಮೊದಲು ರೇಡಿಯೊದಲ್ಲಿತ್ತು, ಮುಂದೆ ಮೀಟರಿಗೆ ಹೋಯಿತು, ಆಮೇಲೆ ‘ಸಾಮಾನ್ಯ’ ಎಂಬ ಹೊಸ ಫೋಲ್ಡರ್ ಮಾಡಿ ಅಲ್ಲಿಟ್ಟರು. ಸಾಮಾನ್ಯ ಎಂದು ಒಂದು ಫೋಲ್ಡರ್ ಹುಟ್ಟಿದ ಮೇಲೆ ಅದಕ್ಕೆ ಬೀಳದ ವಸ್ತುವೇ ಇಲ್ಲ. ಪ್ರತಿ ಸಲ ಜಾಗ ಬದಲಾದಾಗಲೂ ಆ ಹಾದಿಯನ್ನು ನಂಬಿಕೊಂಡಿದ್ದ ಬೇರೆಯವರ ಕೆಲಸ ಮುರಿದು ಬೀಳುತ್ತಿತ್ತು. ಕೋಡಿನಲ್ಲಿ ಒಂದಕ್ಷರ ಬದಲಾಗಿರುತ್ತಿರಲಿಲ್ಲ, ಅದನ್ನು ಇಟ್ಟ ಮನೆಯಷ್ಟೇ ಬದಲಾಗಿರುತ್ತಿತ್ತು.

ಲಾಕ್‌ಡೌನ್ ಸಡಿಲಾದ ಮೇಲೆ ಲಿಂಗಸುಗೂರಿನಿಂದ ಸೋದರಮಾವ ಬಂದರು. ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಅವ್ವನ ತವರು ಬಳಗಾನೂರು ಕಡೆಯ ಹಳ್ಳಿ. ಅಲ್ಲಿನ ಹೊಲದ ಪಹಣಿ ತೆಗೆಸಬೇಕೆಂದು ಬಂದಿದ್ದರು. ನಾನು ಭೂದಾಖಲೆಗಳ ‘ಭೂಮಿ’ ಜಾಲತಾಣ ತೆರೆದು ಕೂತೆ. ಅದರ ಕ್ರಮ ಎಲ್ಲರಿಗೂ ಗೊತ್ತು: ಜಿಲ್ಲೆ ಆರಿಸಬೇಕು, ತಾಲ್ಲೂಕು ಆರಿಸಬೇಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರು, ಹಿಸ್ಸಾ. ರೂಢಿಯಂತೆ ನನ್ನ ಬೆರಳು ಸಿಂಧನೂರಿನ ಮೇಲೆ ಹೋಯಿತು.

“ಅಳಿಯಾ, ಅದು ಈಗ ಮಸ್ಕಿಯೊಳಗ ಬರತೈತಿ” ಅಂದರು ಮಾವ.

2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ರಾಯಚೂರು ಜಿಲ್ಲೆಗೆ ದಕ್ಕಿದವು ಮಸ್ಕಿ ಮತ್ತು ಸಿರವಾರ. ಮಸ್ಕಿ ಅದಕ್ಕೂ ಮೊದಲು ಲಿಂಗಸುಗೂರು ತಾಲ್ಲೂಕಿನ ಊರು. ಅದರ ಹೊಸ ತಾಲ್ಲೂಕಿಗೆಂದು ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರಿಂದಲೂ ಹಳ್ಳಿಗಳನ್ನು ತೆಗೆದುಕೊಟ್ಟರು. ಬಳಗಾನೂರು ಸಿಂಧನೂರಿನಿಂದ ಹೋಯಿತು, ಪಾಮನಕಲ್ಲೂರು ಮಾನ್ವಿಯಿಂದ ಹೋಯಿತು. ಮಾವ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: “ಊರು ಎಲ್ಲಿಗೂ ಹೋಗಿಲ್ಲ, ಹೊಲ ಎಲ್ಲಿಗೂ ಹೋಗಿಲ್ಲ. ಸರ್ವೆ ನಂಬರು ಅದ, ಬದು ಅದ. ಮ್ಯಾಲ ಬರೆಯೋ ಹೆಸರು ಒಂದ ಬದಲಾಗೈತಿ. ಆದರ ಆ ಮ್ಯಾಲಿನ ಹೆಸರು ಹಿಡಕೊಂಡು ಹುಡುಕಿದವನಿಗೆ ಊರ ಸಿಗೂದಿಲ್ಲ ನೋಡು.”

ನಾನು ಗೂಢಲಿಪಿಯ ಲೈಬ್ರರಿಯ ಕಥೆ ಹೇಳಿದೆ. ಕಂಪ್ಯೂಟರಿನ ವಿಷಯ ಬಿಡಿಸಿ ಹೇಳುವಷ್ಟು ಅವರು ಕೇಳಲಿಲ್ಲ. ಒಂದು ವಸ್ತು ಎರಡು ಗುಂಪಿಗೆ ಬೇಕಾಗಿದೆ ಎಂಬಲ್ಲಿಗೇ ತಡೆದರು.

“ಒಂದೂರು ಒಂದ ಪಟ್ಟಿಯೊಳಗ ಇರಬೇಕು ಅಂತ ನಿನಗ ಯಾರು ಹೇಳಿದ್ರು? ತುರ್ವಿಹಾಳ ತಗೋ.”

ತುರ್ವಿಹಾಳವನ್ನು ತೆಗೆದುಕೊಂಡೆವು. ತಾಲ್ಲೂಕು ಸಿಂಧನೂರು. ವಿಧಾನಸಭೆಗೆ ಓಟು ಹಾಕುವುದು ಮಸ್ಕಿ ಕ್ಷೇತ್ರಕ್ಕೆ. ಆ ಕ್ಷೇತ್ರ ಆದದ್ದು 2008ರ ಮರುವಿಂಗಡಣೆಯಲ್ಲಿ, ಮಸ್ಕಿ ತಾಲ್ಲೂಕಾಗುವುದಕ್ಕಿಂತ ಎಷ್ಟೋ ಮೊದಲು. ಜಿಲ್ಲೆ ರಾಯಚೂರು. ಆದರೆ ಲೋಕಸಭೆಗೆ ಕೊಪ್ಪಳ, ಯಾಕೆಂದರೆ ಸಿಂಧನೂರು ಮತ್ತು ಮಸ್ಕಿ ವಿಧಾನಸಭಾ ಕ್ಷೇತ್ರಗಳು ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿವೆ, ಪಕ್ಕದ ಲಿಂಗಸುಗೂರು ಮಾತ್ರ ರಾಯಚೂರಿನಲ್ಲಿದೆ. ಕಂದಾಯದ ಮೇಲ್ಮನವಿಗೆ ಹೋಗುವುದು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ. ಇನ್ನು ನೀರಿನ ಲೆಕ್ಕ ಹಿಡಿದರೆ ಈ ಯಾವ ಗೆರೆಗೂ ಅದು ಜಗ್ಗುವುದಿಲ್ಲ. ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುವ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಊರುಗಳು ವಿತರಣಾ ಕಾಲುವೆಯ ನಂಬರಿನ ಪ್ರಕಾರ ಗುಂಪಾಗಿವೆ. ಕಾಲುವೆಯ ಮೇಲಿನ ಗ್ಯಾಂಗ್‌ಮನ್‌ಗೆ ಯಾವ ತಾಲ್ಲೂಕು ಎಂದು ಕೇಳಿದರೆ ಅವನು ಮೈಲಿನ ಲೆಕ್ಕ ಹೇಳುತ್ತಾನೆ. ಇಷ್ಟು ಕಾಲ ಆದರೂ ಆ ಕಾಲುವೆಯ ಮಾತು ಮೈಲಿನಲ್ಲೇ ಇದೆ. ಪಾಮನಕಲ್ಲೂರಿನ ಕಡೆಯ ರೈತರು ಅದೇ ಹೊತ್ತಿನಲ್ಲಿ ಕೇಳುತ್ತಿದ್ದದ್ದು ತುಂಗಭದ್ರೆಯ ನೀರನ್ನಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಯಿಂದ ಕೃಷ್ಣೆಯ ನೀರನ್ನು. ಒಂದೇ ಜಿಲ್ಲೆಯ ಎರಡು ಊರು, ನೀರಿನ ಪಟ್ಟಿಯಲ್ಲಿ ಎರಡು ನದಿ.

ಮಾವ ಇದನ್ನೆಲ್ಲ ನೋಡಿ ಬೆಳೆದವರು. ಹಾಗಾಗಿ ಗುಂಪು ಎಂಬುದು ಊರಿನ ಗುಣ ಎಂದು ಅವರು ಎಂದೂ ತಿಳಿದಿರಲಿಲ್ಲ. ಗುಂಪು ಮಾಡುವುದು ಯಾವುದೋ ಒಂದು ಕೆಲಸಕ್ಕೆ. ಓಟಿನ ಕೆಲಸಕ್ಕೆ ಒಂದು, ನೀರಿನ ಕೆಲಸಕ್ಕೆ ಒಂದು, ಕಂದಾಯಕ್ಕೆ ಇನ್ನೊಂದು. ಕೆಲಸ ಬದಲಾದರೆ ಗುಂಪು ಬದಲಾಗುತ್ತದೆ, ಊರು ಅಲ್ಲಿಯೇ ಇರುತ್ತದೆ. ನಾನು ಆ ರಾತ್ರಿ ಮಾಳಿಗೆಯ ಮೇಲೆ ಕೂತು ಬರೆಯತೊಡಗಿದ ವಿನ್ಯಾಸದ ಮೊದಲ ಸಾಲು ಇದೇ ಆಯಿತು: ಸಬ್‌ಮಾಡ್ಯೂಲ್ ಎಲ್ಲಿದೆ ಎಂಬುದಕ್ಕೂ ಯಾವ ಗುಂಪಿನದು ಎಂಬುದಕ್ಕೂ ನಂಟು ಇರಬಾರದು, ಮತ್ತು ಒಂದು ಸಬ್‌ಮಾಡ್ಯೂಲ್ ಎಷ್ಟು ಗುಂಪಿನಲ್ಲಾದರೂ ಇರಬಹುದು.

ಗಿಟ್‌ನಲ್ಲಿ ಇದಕ್ಕೆ ಒಂದು ಗಟ್ಟಿ ನೆಲಗಟ್ಟು ಆಗಲೇ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಡಾಟ್ ಗಿಟ್‌ಮಾಡ್ಯೂಲ್ಸ್ ಕಡತದಲ್ಲಿ ಪ್ರತಿ ಸಬ್‌ಮಾಡ್ಯೂಲಿಗೂ ಹೆಸರು ಎಂದು ಒಂದು, ಹಾದಿ ಎಂದು ಇನ್ನೊಂದು ಇರುತ್ತದೆ. ಹೊಸದಾಗಿ ಸೇರಿಸುವಾಗ ಹಾದಿಯೇ ಹೆಸರಾಗಿ ಬರುವುದರಿಂದ ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಾಳೆ ಅದನ್ನು ಬೇರೆ ಫೋಲ್ಡರಿಗೆ ಸಾಗಿಸಿದರೆ ಹಾದಿ ಬದಲಾಗುತ್ತದೆ, ಹೆಸರು ಹಾಗೇ ಉಳಿಯುತ್ತದೆ. ಒಳಗಿನ ಇತಿಹಾಸವನ್ನು ಗಿಟ್ ಬಚ್ಚಿಡುವುದು ಆ ಹೆಸರಿನ ಕೆಳಗೆ. ಆ ಹೆಸರೇ ಅದರ ಸರ್ವೆ ನಂಬರು. ಇದನ್ನು ಯೋಚಿಸಿ ಇಟ್ಟವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ನನಗಿಂತ ಮೊದಲು ಈ ಹಾದಿಯಲ್ಲಿ ನಡೆದವರೂ ಇದ್ದರು. ಆಂಡ್ರಾಯ್ಡ್‌ನವರು ತಮ್ಮ ನೂರಾರು ಗಿಟ್ ರೆಪೊಗಳನ್ನು ಹಿಡಿದಿಡಲು ‘ರೆಪೊ’ ಎಂಬ ಹೆಸರಿನ ಸಾಧನವನ್ನೇ ಮಾಡಿಕೊಂಡಿದ್ದಾರೆ. ಅದರ ಪಟ್ಟಿಯಲ್ಲಿ ಪ್ರತಿ ರೆಪೊದ ಎದುರು ಗುಂಪುಗಳ ಹೆಸರನ್ನು ಅಲ್ಪವಿರಾಮ ಹಾಕಿ ಬರೆಯಬಹುದು. ಇಳಿಸಿಕೊಳ್ಳುವವರು ಬೇಕಾದ ಗುಂಪು ಹೇಳಬಹುದು, ಹೆಸರಿನ ಹಿಂದೆ ಕಳೆಯುವ ಗುರುತು ಹಾಕಿ ಬೇಡದ್ದನ್ನು ಬಿಡಬಹುದು. ಎಲ್ಲವೂ ಇರುವ ಒಂದು ಗುಂಪು ತಾನಾಗಿಯೇ ಇರುತ್ತದೆ. ‘ಕೇಳದೆ ಕೊಡಬೇಡ’ ಎಂದು ಗುರುತಿಸಲು ಇನ್ನೊಂದಿದೆ. ಅದನ್ನು ಓದಿದಾಗ ಹತ್ತಾರು ವರ್ಷ ಕೋಡು ಹೊತ್ತವರ ಕೈ ಕಾಣುತ್ತದೆ. ಗಿಟ್‌ನೊಳಗೂ 2017ರ ಮೇ ತಿಂಗಳ 2.13 ಆವೃತ್ತಿಯಲ್ಲಿ ಅರ್ಧ ದಾರಿ ಹಾಕಿಕೊಟ್ಟಿದ್ದರು. ಯಾವ ಸಬ್‌ಮಾಡ್ಯೂಲ್‌ಗಳು ನನಗೆ ಬೇಕು ಎಂಬುದನ್ನು ಹಾದಿಯ ಮಾದರಿ ಕೊಟ್ಟು ನನ್ನ ಯಂತ್ರದ ಮಟ್ಟಿಗೆ ಹೇಳಿಟ್ಟುಕೊಳ್ಳುವ ಅನುಕೂಲ ಅದರಲ್ಲಿ ಬಂತು. ಅದೇ ಆವೃತ್ತಿಯಲ್ಲಿ ಕಡತಗಳಿಗೆ ಹಚ್ಚಿದ ಗುರುತಿನ ಮೇಲೆ ಹಾದಿ ಆರಿಸುವುದೂ ಸಾಧ್ಯವಾಯಿತು. ಆರಿಸುವ ಕೈ ಬಂತು. ಗುಂಪಿಗೆ ಒಂದು ಹೆಸರಿಟ್ಟು, ಅದನ್ನು ತಂಡದವರೆಲ್ಲ ಒಂದೇ ಅರ್ಥದಲ್ಲಿ ಹೇಳುವ ಏರ್ಪಾಡು ಬಂದಿರಲಿಲ್ಲ.

ಗುಂಪನ್ನು ಎಲ್ಲಿ ಬರೆಯುವುದು ಎಂಬ ಪ್ರಶ್ನೆಗೆ ಎರಡು ಉತ್ತರ ಇದ್ದವು. ಗುಂಪಿನ ಹೆಸರು ಬರೆದು ಅದರ ಕೆಳಗೆ ಸದಸ್ಯರ ಪಟ್ಟಿ ಕೊಡಬಹುದು. ಇಲ್ಲವೇ ಪ್ರತಿ ಸದಸ್ಯನ ಎದುರಿಗೆ ಅದು ಸೇರಿದ ಗುಂಪುಗಳನ್ನು ಬರೆಯಬಹುದು. ಮೊದಲನೆಯದು ಓದಲು ಚೆಂದ. ಆದರೆ ಇಬ್ಬರು ಒಂದೇ ದಿನ ಪಟ್ಟಿಯ ಕೊನೆಗೆ ಒಂದೊಂದು ಸಾಲು ಸೇರಿಸಿದರೆ ಕೂಡಿಸುವಾಗ ಜಗಳ ಬರುತ್ತದೆ. ಸಬ್‌ಮಾಡ್ಯೂಲನ್ನು ತೆಗೆದುಹಾಕಿದವರು ಪಟ್ಟಿಗಳಿಂದಲೂ ಅದರ ಹೆಸರು ಅಳಿಸಲು ಮರೆಯುತ್ತಾರೆ. ಎರಡನೆಯದರಲ್ಲಿ ಅವರವರ ಸಾಲು ಅವರವರ ಹೊಲದಲ್ಲಿ. ಸಬ್‌ಮಾಡ್ಯೂಲ್ ಹೋದರೆ ಅದರ ಗುಂಪಿನ ಗುರುತೂ ಜೊತೆಗೇ ಹೋಗುತ್ತದೆ. ಡಾಟ್ ಗಿಟ್‌ಮಾಡ್ಯೂಲ್ಸ್‌ನಲ್ಲಿ ತನಗೆ ಗೊತ್ತಿಲ್ಲದ ಸಾಲು ಕಂಡರೆ ಗಿಟ್ ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಗಿಟ್ ಅನ್ನು ಮುಟ್ಟದೆ ಅಲ್ಲಿಯೇ ಗುಂಪಿನ ಸಾಲು ಬರೆದು, ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಓದಿಸಿಕೊಂಡೆವು. ನಾವು ಎರಡನೆಯದನ್ನೇ ಆರಿಸಿದೆವು.

ಆದರೆ ಎದುರಿಗೆ ಬರೆಯುವ ಗುರುತಿಗೆ ಒಂದು ಅಪಾಯ ಅಂಟಿಕೊಂಡೇ ಬರುತ್ತದೆ. ಕಾಗುಣಿತ ತಪ್ಪಿದರೆ ಸದ್ದಿಲ್ಲದೆ ಹೊಸ ಗುಂಪೊಂದು ಹುಟ್ಟಿಬಿಡುತ್ತದೆ. ನಮ್ಮ ಲಿಂಗಸುಗೂರನ್ನೇ ನೋಡಿ, ಬಸ್ಸಿನ ಫಲಕದಲ್ಲಿ ಒಂದು ಥರ, ಕಚೇರಿಯ ಫಲಕದಲ್ಲಿ ಒಂದು ಥರ, ಪತ್ರಿಕೆಯಲ್ಲಿ ಇನ್ನೊಂದು. ಓದುವ ಮನುಷ್ಯ ಎಲ್ಲವನ್ನೂ ಒಂದೇ ಊರೆಂದು ಅರಿಯುತ್ತಾನೆ, ಯಂತ್ರ ಅರಿಯದು. ಆದ್ದರಿಂದ ಗುಂಪುಗಳ ಹೆಸರನ್ನು ಮೊದಲು ಒಂದು ಕಡೆ ಘೋಷಿಸಬೇಕು, ಪ್ರತಿ ಹೆಸರಿನ ಮುಂದೆ ಆ ಗುಂಪು ಯಾವ ಕೆಲಸಕ್ಕೆ ಎಂದು ಒಂದು ವಾಕ್ಯ ಇರಬೇಕು, ಘೋಷಣೆಯಲ್ಲಿಲ್ಲದ ಹೆಸರು ಬಂದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಬೇಕು ಎಂದು ಮಾಡಿದೆವು. ಆ ಒಂದು ವಾಕ್ಯಕ್ಕಾಗಿ ನಾನು ತಂಡದೊಂದಿಗೆ ತುಂಬ ವಾದ ಮಾಡಿದ್ದೇನೆ. ಯಾವ ಕೆಲಸಕ್ಕೆ ಎಂದು ಬರೆಯಲು ಆಗದ ಗುಂಪು ಇರಬಾರದು. ‘ಸಾಮಾನ್ಯ’ ಎಂಬ ಗುಂಪಿನ ಮುಂದೆ ಯಾರಿಗೂ ವಾಕ್ಯ ಬರೆಯಲಾಗಲಿಲ್ಲ. ಅದು ಹೋಯಿತು.

ಗುಂಪಿಗೂ ಅವಲಂಬನೆಗೂ ಇರುವ ಭೇದ ತಿಳಿಸುವುದು ಇದಕ್ಕಿಂತ ಕಷ್ಟವಾಯಿತು. ರೇಡಿಯೊ ಕೋಡಿಗೆ ಗೂಢಲಿಪಿಯ ಲೈಬ್ರರಿ ಇಲ್ಲದೆ ನಡೆಯದು. ಇದು ಅವಲಂಬನೆ, ಯಂತ್ರ ಲೆಕ್ಕ ಹಾಕಬಲ್ಲ ಸಂಗತಿ. ರೇಡಿಯೊ ಕೆಲಸ ಮಾಡುವವರು ಅದರ ದಾಖಲೆ ಪುಸ್ತಕವನ್ನೂ ತೆರೆದಿಟ್ಟುಕೊಳ್ಳುತ್ತಾರೆ ಎಂಬುದು ಗುಂಪು, ಮನುಷ್ಯರು ನಿರ್ಧರಿಸಬೇಕಾದದ್ದು. ಎರಡನ್ನೂ ಒಂದರಲ್ಲೇ ಬರೆದರೆ ಯಾವುದನ್ನು ತೆಗೆದರೆ ಏನು ಮುರಿಯುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಇವೆರಡನ್ನೂ ಬೇರೆ ಬೇರೆ ಇಟ್ಟೆವು.

ಕೆಲಸಕ್ಕೆ ತಕ್ಕಂತೆ ಗುಂಪು ಎಂಬ ಮಾತಿಗೆ ಮಸ್ಕಿಯಲ್ಲೇ ಇನ್ನೊಂದು ಸಾಕ್ಷಿ ಇದೆ. ಅಲ್ಲಿಗೆ ಹೋದವರು ಅಶೋಕನ ಶಾಸನದ ಬಂಡೆ ನೋಡದೆ ಬರುವುದಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಶಾಸನ ಅದು. ಉಳಿದ ಕಡೆ ಹೆಚ್ಚಾಗಿ ದೇವಾನಾಂಪ್ರಿಯ ಎಂದಷ್ಟೇ ಕರೆಸಿಕೊಂಡ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದರಿಂದ ಮಸ್ಕಿಗೆ ಜಗತ್ತಿನ ಇತಿಹಾಸದಲ್ಲಿ ಜಾಗ ಸಿಕ್ಕಿತು. ಶಾಲೆಯ ಮಕ್ಕಳಾಗಿ ನಾವು ಅಲ್ಲಿಗೆ ಹೋಗಿದ್ದೆವು. ದೊಡ್ಡವನಾದ ಮೇಲೆ ಮತ್ತೆ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ವಿಷಯ. ಆ ಕಿರು ಶಿಲಾಶಾಸನದ ಪಾಠ ಮಸ್ಕಿಯದೊಂದೇ ಅಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳ, ಹಾಗೆಯೇ ಉತ್ತರದ ರೂಪನಾಥ, ಸಹಸ್ರಾಂ, ಬೈರಾಟ್‌ಗಳಲ್ಲೂ ಅದರ ಪ್ರತಿಗಳಿವೆ, ಒಂದೊಂದರಲ್ಲಿ ಒಂದಿಷ್ಟು ವ್ಯತ್ಯಾಸದೊಂದಿಗೆ. 1925ರಲ್ಲಿ ಹುಲ್ಷ್ ಅಶೋಕನ ಶಾಸನಗಳ ಸಂಪುಟ ತಂದಾಗ ದೊಡ್ಡ ಶಿಲಾಶಾಸನ, ಸ್ತಂಭಶಾಸನ, ಕಿರು ಶಿಲಾಶಾಸನ ಎಂದು ಪಾಠದ ಬಗೆಯ ಮೇಲೆ ಗುಂಪು ಮಾಡಿ, ಅದರೊಳಗೆ ಊರು ಹೇಳಿದರು. ಊರಿನ ಪ್ರಕಾರ ಗುಂಪು ಮಾಡಿದ್ದರೆ ಪಾಠಗಳ ನಡುವಿನ ಸಂಬಂಧ ಕಾಣುತ್ತಿರಲಿಲ್ಲ. ಅದೇ ಬಂಡೆಗಳನ್ನು ಪ್ರವಾಸಿಗನಿಗೆ ತೋರಿಸುವವರು ಊರಿನ ಪ್ರಕಾರವೇ ಗುಂಪು ಮಾಡಬೇಕು. ಬಂಡೆಯನ್ನು ಅಲುಗಿಸದೆ ಎರಡೂ ಆಗುತ್ತವೆ.

ವರ್ಷನ್ ಕಂಟ್ರೋಲಿನಲ್ಲಿ ಗುಂಪು ಮಾಡುವುದು ಬೇರೆ ಯಾವ ಪಟ್ಟಿ ಮಾಡುವುದಕ್ಕಿಂತಲೂ ಕಠಿಣ ಆಗುವುದು ಕಾಲದಿಂದ. ಇಲ್ಲಿ ನಾವು ಇವತ್ತಿನಲ್ಲಿ ಮಾತ್ರ ಬದುಕುವುದಿಲ್ಲ. ಹೋದ ವರ್ಷ ಗಿರಾಕಿಗೆ ಕೊಟ್ಟ ಪೆಟ್ಟಿಗೆಯಲ್ಲಿ ದೋಷ ಬಂದರೆ ಅಂದಿನ ಕಮಿಟ್‌ಗೆ ಮರಳಿ ಅಲ್ಲಿಂದ ಸರಿಪಡಿಸಬೇಕು. ಗುಂಪಿನ ಸಾಲುಗಳು ಡಾಟ್ ಗಿಟ್‌ಮಾಡ್ಯೂಲ್ಸ್‌ನಲ್ಲಿ ಇರುವುದರಿಂದ ಹಿಂದಕ್ಕೆ ಹೋದರೆ ಅಂದಿನ ಗುಂಪುಗಳೇ ಕಣ್ಣಮುಂದೆ ಬರುತ್ತವೆ. ಅದು ಸರಿಯಾದದ್ದೇ. ಮಾವನ ಟ್ರಂಕಿನಲ್ಲಿ ನಿಜಾಮ್ ಸರ್ಕಾರದ ಕಾಲದ ಉರ್ದು ಕಾಗದಗಳಿವೆ, ಆಮೇಲಿನ ಖರೀದಿ ಪತ್ರಗಳಿವೆ. ಸಿಂಧನೂರು ತಾಲ್ಲೂಕು ಎಂದು ಬರೆದ ಖರೀದಿ ಪತ್ರವನ್ನು ಈಗ ಮಸ್ಕಿ ಎಂದು ತಿದ್ದುವ ಹಕ್ಕು ಯಾರಿಗೂ ಇಲ್ಲ. ಅದು ಆದ ದಿನಕ್ಕೆ ಅದೇ ನಿಜ.

ಆದರೆ ‘ನನಗೆ ಇಂಥ ಗುಂಪು ಬೇಕು’ ಎಂಬ ನನ್ನ ಆಯ್ಕೆ ಇತಿಹಾಸಕ್ಕೆ ಸೇರಿದ್ದಲ್ಲ. ಅದು ನನ್ನ ಯಂತ್ರದ ಸಂರಚನೆಯಲ್ಲಿರುತ್ತದೆ, ಬೇರೆಯವರಿಗೆ ಹೋಗುವುದಿಲ್ಲ, ಹೋಗಲೂಬಾರದು. ನನಗೆ ಮಾಳಿಗೆಯ ಮೇಲಿನ ನೆಟ್‌ವರ್ಕ್ ಸಾಲುವಷ್ಟು ಕೋಡು ಬೇಕೆಂದರೆ ಬೆಂಗಳೂರಿನ ಗೆಳೆಯನಿಗೂ ಅಷ್ಟೇ ಸಿಗಬೇಕೇ? ಹೀಗೆ ಗುಂಪಿನ ಅರ್ಥ ಕಾಲದೊಂದಿಗೆ ಹಿಂದೆ ಮುಂದೆ ಸರಿಯುತ್ತದೆ, ಆಯ್ಕೆ ಮಾತ್ರ ಇವತ್ತಿನಲ್ಲಿ ನಿಂತಿರುತ್ತದೆ. ಹಿಂದಿನ ಕಮಿಟ್‌ಗೆ ಹೋದಾಗ ನಾನು ಆರಿಸಿದ ಗುಂಪು ಅಲ್ಲಿ ಇನ್ನೂ ಹುಟ್ಟಿರದಿದ್ದರೆ? ಸ್ಕ್ರಿಪ್ಟ್ ‘ಈ ಗುಂಪಿಗೆ ಸದಸ್ಯರಿಲ್ಲ’ ಎಂದು ತಿಳಿದು ಎಲ್ಲವನ್ನೂ ಅಳಿಸಿಹಾಕಿದರೆ? ಅದರಲ್ಲಿ ಕಮಿಟ್ ಮಾಡದ ಕೆಲಸ ಇದ್ದರೆ ಅದೂ ಹೋಯಿತು.

ನಾನು ಹೆಚ್ಚು ಕಾಲ ಕಳೆದದ್ದು ಈ ಪ್ರಶ್ನೆಯ ಮೇಲೆ. ಕೊನೆಗೆ ನಾವು ಇಟ್ಟುಕೊಂಡ ನಿಯಮ ಸರಳ: ಸೇರಿಸುವುದು ತಾನಾಗಿ ಆಗಬಹುದು, ತೆಗೆಯುವುದು ಹೇಳಿದ ಮೇಲೆಯೇ ಆಗಬೇಕು. ಸಬ್‌ಮಾಡ್ಯೂಲ್ ಒಂದು ಗುಂಪಿಗೆ ಹೊಸದಾಗಿ ಬಂದರೆ ಮುಂದಿನ ಸಲ ಅದು ಇಳಿಯುತ್ತದೆ. ಗುಂಪಿನಿಂದ ಹೊರಬಿದ್ದರೆ ಡಿಸ್ಕಿನಲ್ಲಿ ಹಾಗೇ ಉಳಿಯುತ್ತದೆ, ‘ಇದು ಈಗ ನಿಮ್ಮ ಗುಂಪಿನಲ್ಲಿಲ್ಲ’ ಎಂಬ ಒಂದು ಸಾಲು ಮಾತ್ರ ಕಾಣುತ್ತದೆ. ಹಿಂದಿನ ಕಾಲದಲ್ಲಿ ಗುಂಪೇ ಇಲ್ಲದಿದ್ದರೆ, ಇರುವುದನ್ನೆಲ್ಲ ಇದ್ದಂತೆ ಬಿಟ್ಟು, ಅಂದು ಯಾವ ಗುಂಪುಗಳಿದ್ದವು ಎಂದು ತೋರಿಸಿ, ಆರಿಸಲು ಕೇಳುತ್ತದೆ. ಡಿಸ್ಕಿನಲ್ಲಿ ಜಾಗ ವ್ಯರ್ಥವಾಗುತ್ತದೆ ಎಂದು ಕೆಲವರು ಗೊಣಗಿದರು. ಜಾಗ ಕೊಂಡು ತರಬಹುದು, ಒಬ್ಬರ ಒಂದು ಮಧ್ಯಾಹ್ನದ ಕೆಲಸವನ್ನು ತರಲಾಗುವುದಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಅಂದಿಗಿಂತ ಇಂದು ಇನ್ನೂ ಗಟ್ಟಿಯಾಗಿದೆ.

ಒಳಗಿನ ಸಬ್‌ಮಾಡ್ಯೂಲಿಗೆ ಅದರದೇ ಸಬ್‌ಮಾಡ್ಯೂಲ್‌ಗಳು ಇರಬಹುದು, ಅಲ್ಲೂ ಗುಂಪುಗಳಿರಬಹುದು. ಹೊರಗೆ ‘ಪರೀಕ್ಷೆ’ ಎಂದರೆ ಒಂದು, ಒಳಗಿನವರ ‘ಪರೀಕ್ಷೆ’ ಬೇರೆ. ಹೊರಗಿನ ಆಯ್ಕೆಯನ್ನು ಒಳಗೆ ಇಳಿಸಬಾರದು ಎಂದು ನಿರ್ಧರಿಸಿದೆವು. ಹೆಚ್ಚು ಹೇಳುವಂಥದ್ದು ಇದರಲ್ಲಿಲ್ಲ.

ಸ್ಕ್ರಿಪ್ಟ್ ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷಾ ರೆಪೊ ಬೇಕಿತ್ತು. ಅ, ಆ, ಇ ಎಂದು ಹೆಸರಿಟ್ಟ ಖಾಲಿ ಸಬ್‌ಮಾಡ್ಯೂಲ್‌ಗಳನ್ನು ಮಾಡುವುದು ರೂಢಿ. ನಾನು ಊರುಗಳನ್ನೇ ಮಾಡಿದೆ: ತುರ್ವಿಹಾಳ, ಬಳಗಾನೂರು, ಪಾಮನಕಲ್ಲೂರು, ಮುದಗಲ್ಲು, ಹಟ್ಟಿ, ಜೊತೆಗೆ ಸುರಪುರ, ಕುಷ್ಟಗಿ, ಗಂಗಾವತಿ. ತಾಲ್ಲೂಕು, ಜಿಲ್ಲೆ, ವಿಧಾನಸಭೆ, ಲೋಕಸಭೆ, ಕಾಲುವೆಗಳೆಲ್ಲ ಗುಂಪುಗಳು. ಇಷ್ಟು ನಿಜವಾದ, ಇಷ್ಟು ಅಡ್ಡಾದಿಡ್ಡಿ ಹೆಣೆದುಕೊಂಡ ಉದಾಹರಣೆ ಕೂತು ಕಲ್ಪಿಸಿದರೆ ಸಿಗುವುದಿಲ್ಲ. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆ. ಅದನ್ನು ಒಡೆದಾಗ ಸುರಪುರ, ಶಹಾಪುರ ಗುಲ್ಬರ್ಗಕ್ಕೆ ಹೋದವು; ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ರಾಯಚೂರಿಗೆ ಬಂದವು. 1956ರಲ್ಲಿ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಕೊಪ್ಪಳ ಜಿಲ್ಲೆಯಾಗಿ ಕುಷ್ಟಗಿ, ಗಂಗಾವತಿ ಅಲ್ಲಿಗೆ ಹೋದವು. 2008ರಲ್ಲಿ ಮಸ್ಕಿ ವಿಧಾನಸಭಾ ಕ್ಷೇತ್ರ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಗಿ ಸುರಪುರ ಅತ್ತ ಹೋಯಿತು. ಆಮೇಲೆ ಮಸ್ಕಿ ತಾಲ್ಲೂಕು. ಒಂದೊಂದು ಬದಲಾವಣೆಗೂ ಒಂದೊಂದು ಕಮಿಟ್ ಮಾಡಿದೆ, ಸಂದೇಶದಲ್ಲಿ ವರ್ಷ ಬರೆದೆ. ಕಮಿಟ್‌ನ ದಿನಾಂಕವನ್ನೇ 1905 ಎಂದು ಇಡೋಣ ಎಂದರೆ ಗಿಟ್ ಒಪ್ಪಲಿಲ್ಲ. ಅದು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ, ಅದಕ್ಕೂ ಹಿಂದಿನ ದಿನ ಅದರ ಲೆಕ್ಕದಲ್ಲಿಲ್ಲ. ಮಾವನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವರು ಕೇಳಿದ ಪ್ರಶ್ನೆ ಮಾತ್ರ ನನಗೆ ಬಹಳ ದಿನ ಕೆಲಸ ಕೊಟ್ಟಿತು.

“2008ಕ್ಕ ಹೋಗಿ ಮಸ್ಕಿ ಅಂತ ಕೇಳಿದ್ರ ಏನ ಕೊಡತೈತಿ ನಿನ್ನ ಮಷೀನು?”

ಆ ವರ್ಷ ಮಸ್ಕಿ ಕ್ಷೇತ್ರ ಇತ್ತು, ಮಸ್ಕಿ ತಾಲ್ಲೂಕು ಇರಲಿಲ್ಲ. ಬರೀ ಮಸ್ಕಿ ಎಂದು ಕೇಳಿದರೆ ಸ್ಕ್ರಿಪ್ಟ್ ಕ್ಷೇತ್ರದ ಊರುಗಳನ್ನೆಲ್ಲ ಇಳಿಸಿಬಿಡುತ್ತಿತ್ತು, ಕೇಳಿದವನು ತಾಲ್ಲೂಕು ಸಿಕ್ಕಿತೆಂದು ನಂಬುತ್ತಿದ್ದ. ಹಾಗಾಗಿ ಗುಂಪಿನ ಹೆಸರಿನಲ್ಲಿ ಯಾವ ಕೆಲಸದ ಗುಂಪು ಎಂಬುದೂ ಸೇರಿರಬೇಕೆಂದು ಮಾಡಿದೆವು. ತಾಲ್ಲೂಕು-ಮಸ್ಕಿ ಬೇರೆ, ವಿಧಾನಸಭೆ-ಮಸ್ಕಿ ಬೇರೆ. ಬರೀ ಮಸ್ಕಿ ಎಂದರೆ ಸ್ಕ್ರಿಪ್ಟ್ ಒಪ್ಪುವುದಿಲ್ಲ. 2008ರ ಕಮಿಟ್‌ನಲ್ಲಿ ನಿಂತು ತಾಲ್ಲೂಕು-ಮಸ್ಕಿ ಕೇಳಿದರೆ ಇತಿಹಾಸವನ್ನು ಮುಂದಕ್ಕೆ ಹುಡುಕಿ, ಈ ಗುಂಪು ಇಂಥ ಕಮಿಟ್‌ನಲ್ಲಿ ಮೊದಲು ಘೋಷಣೆಯಾಗಿದೆ, ಅದರ ಸದಸ್ಯರು ಈ ಹೊತ್ತಿಗೆ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕಿನ ಗುಂಪುಗಳಲ್ಲಿದ್ದಾರೆ ಎಂದು ಹೇಳುತ್ತದೆ. ಸದಸ್ಯರನ್ನು ಅವರ ಖಾಯಂ ಹೆಸರಿನ ಮೇಲೆ ಗುರುತಿಸುವುದರಿಂದ ಈ ಉತ್ತರ ಸಾಧ್ಯ, ಹಾದಿಯ ಮೇಲೆ ಗುರುತಿಸಿದ್ದರೆ ಆಗುತ್ತಿರಲಿಲ್ಲ. ಮೀಟರಿನ ರೆಪೊದಲ್ಲಿ ಗೂಢಲಿಪಿಯ ಲೈಬ್ರರಿಯನ್ನು ಹಳೆಯ ಆವೃತ್ತಿಯಲ್ಲಿ ಹುಡುಕುವವರಿಗೆ ಈಗ ಇದೇ ಬಗೆಯ ಉತ್ತರ ಸಿಗುತ್ತದೆ. ಅದು ಮತ್ತೆ ಜಾಗ ಬದಲಿಸಿಲ್ಲ, ರೇಡಿಯೊ ಮತ್ತು ಮೀಟರ್ ಎರಡೂ ಗುಂಪುಗಳಲ್ಲಿ ಅದರ ಹೆಸರಿದೆ.